ಸ್ಕ್ಯಾನರ್ ಕೈಕೊಟ್ಟಾಗ: ಕರಾವಳಿಯಿಂದ ಶಿರಸಿವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾದ ನಮ್ಮ ಡಿಟಿಪಿ ಅಂಗಡಿಗೆ ಸ್ಕ್ಯಾನ್ ಮಾಡಿಸಲು ಬರುವವರ ಜೊತೆಗೆ, ಮನೆಯ ಸ್ಕ್ಯಾನರ್ ಯಾಕೆ ಹೀಗೆ ಮಾಡ್ತದೆ ಎಂದು ಕೇಳಲು ಬರುವವರೂ ಬಹಳ. ಕಾರವಾರ, ಅಂಕೋಲಾ, ಹೊನ್ನಾವರದವರು ಬಸ್ಸಿಳಿದು ಬರುತ್ತಾರೆ, ಘಟ್ಟದ ಮೇಲಿನವರು ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದರಿಂದ ಇಲ್ಲಿ ಬರೆದಿಟ್ಟಿದ್ದೇನೆ. ಕಾಗದವನ್ನು ಗಾಜಿನ ಮೇಲೆ ಮಗುಚಿ ಹಾಕಿ ಮುಚ್ಚಳ ಮುಚ್ಚುವ ಫ್ಲಾಟ್‌ಬೆಡ್ ಸ್ಕ್ಯಾನರಿಗೂ, ಅಂಥದೇ ಗಾಜಿರುವ ಆಲ್‌ ಇನ್‌ ವನ್ ಪ್ರಿಂಟರಿಗೂ ಇವು ಅನ್ವಯಿಸುತ್ತವೆ. ನಾನು ಕಂಡಂತೆ ಬಹಳಷ್ಟು ಸಲ ಕೆಟ್ಟಿರುವುದು ಸ್ಕ್ಯಾನರ್ ಅಲ್ಲ. ವಯರು, ಥಂಡಿ, ಇಲ್ಲವೇ ಸೆಟ್ಟಿಂಗು.

## ಶುರುವಿನ ತೊಡಕುಗಳು

ಹೊಸ ಸ್ಕ್ಯಾನರ್ ತಂದು ಹಚ್ಚಿದ್ರೆ ಗರಗರ ಅಂತದೆ, ಮುಂದೆ ಓಡೋದೇ ಇಲ್ಲ. ವಾಪಸ್ ಕೊಡ್ಲಾ?

ತಡೆಯಿರಿ. ಮೊದಲು ಅದನ್ನು ಮಗುಚಿ ತಳ ನೋಡಿ. ಸಾಗಣೆಯಲ್ಲಿ ಒಳಗಿನ ಭಾಗ ಅಲ್ಲಾಡದಿರಲಿ ಎಂದು ಕೆಲವು ಮಾಡೆಲ್‌ಗಳಲ್ಲಿ ಒಂದು ಲಾಕ್ ಕೊಟ್ಟಿರುತ್ತಾರೆ. ಪಕ್ಕದಲ್ಲಿ ಬೀಗದ ಚಿತ್ರ ಇರುತ್ತದೆ. ತೆರೆದ ಬೀಗದ ಕಡೆಗೆ ಅದನ್ನು ಸರಿಸಿದರೆ ಮುಗಿಯಿತು. ಲಾಕ್ ಹಾಕಿದ ಹಾಗೇ ನಾಲ್ಕಾರು ಸಲ ಓಡಿಸಲು ಹೋದರೆ ಮಾತ್ರ ಒಳಗಿನ ಬೆಲ್ಟಿಗೆ, ಹಲ್ಲುಚಕ್ರಕ್ಕೆ ಪೆಟ್ಟು. ಇಂಥ ಸ್ಕ್ಯಾನರನ್ನು ಬಸ್ಸಿನಲ್ಲೋ ಸ್ಕೂಟರಿನಲ್ಲೋ ಒಯ್ಯುವಾಗ ಅದೇ ಲಾಕ್ ಮತ್ತೆ ಹಾಕಬೇಕು. ದೇವಿಮನೆ ಘಟ್ಟದ ತಿರುವುಗಳಲ್ಲಿ ಅದು ಕೆಲಸಕ್ಕೆ ಬರುತ್ತದೆ.

ವಯರ್ ಹಾಕಿದ್ದೇನೆ, ಲೈಟೂ ಹತ್ತಿದೆ. ಕಂಪ್ಯೂಟರ್ ಮಾತ್ರ ಸ್ಕ್ಯಾನರ್ ಇಲ್ಲ ಅಂತದೆ!

ಲೈಟು ಹತ್ತಿದ ಮಾತ್ರಕ್ಕೆ ಸಂಪರ್ಕ ಆಗಿದೆ ಎಂದಲ್ಲ. ಯುಎಸ್‌ಬಿ ವಯರಿನಲ್ಲಿ ಕರೆಂಟಿಗೆ ಬೇರೆ ತಂತಿ, ಮಾಹಿತಿಗೆ ಬೇರೆ ತಂತಿ. ಎರಡನೆಯದು ಒಳಗೇ ತುಂಡಾಗಿದ್ದರೂ ಲೈಟು ಹತ್ತುತ್ತದೆ. ಹಾಗಾಗಿ ಮೊದಲ ಕೆಲಸ ಬೇರೆ ವಯರ್ ಹಾಕಿ ನೋಡುವುದು. ಮೊಬೈಲಿನ ಚಾರ್ಜಿಂಗ್ ವಯರಿನ ತುದಿ ಕೂತರೂ ನಂಬಬೇಡಿ, ಅಗ್ಗದ ಕೆಲವದರಲ್ಲಿ ಮಾಹಿತಿಯ ತಂತಿಯೇ ಇರುವುದಿಲ್ಲ.

ಎರಡನೆಯದು, ಒಂದು ಪೋರ್ಟನ್ನು ನಾಲ್ಕಾರು ಮಾಡುವ ಹಬ್ ಇದ್ದರೆ ಅದನ್ನು ತೆಗೆದು ನೇರವಾಗಿ ಕಂಪ್ಯೂಟರಿಗೆ ಚುಚ್ಚಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟಿಗೆ. ಕ್ಯಾನನ್ ಲೈಡ್‌ನಂಥ ತೆಳು ಸ್ಕ್ಯಾನರಿಗೆ ಬೇರೆ ಅಡಾಪ್ಟರ್ ಇಲ್ಲ, ಅದು ಯುಎಸ್‌ಬಿಯಿಂದಲೇ ಕರೆಂಟು ಎಳೆಯುತ್ತದೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದೇ 500 ಮಿಲಿಆಂಪಿಯರ್. ಅದನ್ನು ಹಬ್‌ನಲ್ಲಿ ಮೌಸು, ಕೀಬೋರ್ಡು, ಪೆನ್‌ಡ್ರೈವ್ ಜೊತೆ ಹಂಚಿಕೊಂಡರೆ ಸ್ಕ್ಯಾನರಿಗೆ ಸಾಲುವುದಿಲ್ಲ. ಅರ್ಧ ಪುಟ ಓಡಿ ನಿಲ್ಲುವುದೂ ಇದೇ ಕಾರಣಕ್ಕೆ.

ಸಮುದ್ರದ ಹತ್ತಿರ ಇರುವವರು ವಯರಿನ ತುದಿಯನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಕಾರವಾರದ ಬೈತಖೋಲ, ಕೋಡಿಬಾಗ ಕಡೆಯಿಂದ ಬರುವ ವಯರುಗಳಲ್ಲಿ ಲೋಹ ಹಸಿರುಗಟ್ಟಿರುವುದು ಮಾಮೂಲು, ಉಪ್ಪುಗಾಳಿಯ ಕೆಲಸ. ಅಂಥ ವಯರನ್ನು ಉಜ್ಜುತ್ತ ಕೂರುವುದಕ್ಕಿಂತ ಹೊಸದು ತರುವುದೇ ಲೇಸು. ಇಷ್ಟೆಲ್ಲ ಆದಮೇಲೆ ಡ್ರೈವರ್, ಎಂದರೆ ಸ್ಕ್ಯಾನರನ್ನು ಓಡಿಸಲು ಕಂಪ್ಯೂಟರಿಗೆ ಬೇಕಾದ ತಂತ್ರಾಂಶ. ಕಂಪನಿಯ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಹಳೆಯ ಮಾಡೆಲ್‌ಗಳಲ್ಲಿ ಮೊದಲು ಡ್ರೈವರ್ ಹಾಕಿ, ಆಮೇಲೆ ವಯರ್ ಚುಚ್ಚಬೇಕು.

ನಿನ್ನೆವರೆಗೆ ಸರಿ ಇತ್ತು, ಇವತ್ತು ‘ಬ್ಯುಸಿ’ ಅಂತ ಬರ್ತಾ ಇದೆ

ಹಿಂದಿನ ಸ್ಕ್ಯಾನಿನ ಕಿಟಕಿ ಎಲ್ಲೋ ಹಿನ್ನೆಲೆಯಲ್ಲಿ ತೆರೆದೇ ಇದೆ. ಸ್ಕ್ಯಾನರ್ ಒಂದು ಹೊತ್ತಿಗೆ ಒಂದೇ ತಂತ್ರಾಂಶದ ಮಾತು ಕೇಳುತ್ತದೆ. ಎಲ್ಲ ಮುಚ್ಚಿ, ವಯರ್ ತೆಗೆದು ಹಾಕಿ. ಆಗದಿದ್ದರೆ ವಿಂಡೋಸಿನ ಸರ್ವಿಸಸ್ ಪಟ್ಟಿಯಲ್ಲಿ ‘ವಿಂಡೋಸ್ ಇಮೇಜ್ ಅಕ್ವಿಸಿಶನ್’ ಎಂಬುದನ್ನು ರೀಸ್ಟಾರ್ಟ್ ಮಾಡಿ.

ಎಷ್ಟು ಡಿಪಿಐ ಇಡ್ಬೇಕು? ಬಾಕ್ಸಿನ ಮೇಲೆ 4800 ಅಂತ ಬರೆದಿದೆ, ಅಷ್ಟೇ ಇಟ್ಟಿದ್ದೇನೆ

ಅದಕ್ಕೇ ಒಂದು ಪುಟಕ್ಕೆ ಅಷ್ಟು ಹೊತ್ತು ಹಿಡಿಯುತ್ತಿರುವುದು, ಕಂಪ್ಯೂಟರೂ ನಿಂತುಹೋಗುತ್ತಿರುವುದು. ಡಿಪಿಐ ಎಂದರೆ ಒಂದು ಇಂಚಿನಲ್ಲಿ ಸ್ಕ್ಯಾನರ್ ಓದುವ ಚುಕ್ಕೆಗಳ ಲೆಕ್ಕ. ಕಾಗದಪತ್ರಕ್ಕೆ 300 ಸಾಕು. ಎ4 ಪುಟ 300 ಡಿಪಿಐನಲ್ಲಿ 2480 × 3508 ಪಿಕ್ಸೆಲ್ ಆಗುತ್ತದೆ, ಬಣ್ಣದಲ್ಲಾದರೆ ಕುಗ್ಗಿಸುವ ಮೊದಲು ಸುಮಾರು 26 ಎಂಬಿ. ಡಿಪಿಐ ಇಮ್ಮಡಿಯಾದರೆ ಗಾತ್ರ ನಾಲ್ಕು ಪಟ್ಟು. 600ಕ್ಕೆ ಅದೇ ಪುಟ 104 ಎಂಬಿ ದಾಟುತ್ತದೆ. 600 ಬೇಕಾಗುವುದು ಸಣ್ಣ ಫೋಟೋ ದೊಡ್ಡದು ಮಾಡಬೇಕಾದಾಗ: 2 × 3 ಇಂಚಿನ ಹಳೆ ಫೋಟೋವನ್ನು 600ರಲ್ಲಿ ತೆಗೆದರೆ 4 × 6 ಇಂಚಿಗೆ ಚೆನ್ನಾಗಿ ಅಚ್ಚಾಗುತ್ತದೆ. ಬಾಕ್ಸಿನ ಮೇಲಿನ ಇನ್ನೂ ದೊಡ್ಡ ಸಂಖ್ಯೆಗಳು ಹೆಚ್ಚಾಗಿ ತಂತ್ರಾಂಶ ಊಹಿಸಿ ತುಂಬುವ ಪಿಕ್ಸೆಲ್ಲುಗಳು. ‘ಆಪ್ಟಿಕಲ್’ ಎಂದು ಬರೆದದ್ದಷ್ಟೇ ನಿಜ.

ಪಿಡಿಎಫ್ ಭಾರೀ ದೊಡ್ಡ ಆಗ್ತು, ಅರ್ಜಿ ಹಾಕೂಲೆ ತಗತ್ತಿಲ್ಲೆ. ಎಂತ ಮಾಡವು?

ಬಣ್ಣ ಬಿಡಿ. ಬರೀ ಅಕ್ಷರ ಇರುವ ಪುಟವನ್ನು ಗ್ರೇಸ್ಕೇಲಿನಲ್ಲಿ (ಬೂದು ಛಾಯೆಗಳಲ್ಲಿ) 200 ಡಿಪಿಐಗೆ ತೆಗೆದು ಪಿಡಿಎಫ್ ಮಾಡಿ. ಓದಲು ಏನೂ ತೊಂದರೆಯಿಲ್ಲ. ಇನ್ನೂ ಕುಗ್ಗಬೇಕಾದರೆ ಕಪ್ಪು-ಬಿಳುಪು ಆಯ್ಕೆ ಇದೆ, ಆದರೆ ಅದರಲ್ಲಿ ಮಸುಕಾದ ಮೊಹರು, ಪೆನ್ಸಿಲ್ ಸಹಿ ಮಾಯವಾಗುತ್ತವೆ. ಕಳಿಸುವ ಮೊದಲು ಸಹಿ ಕಾಣುತ್ತದೋ ನೋಡಿಕೊಳ್ಳಿ. ಒಂದು ಕಿವಿಮಾತು: ಮನೆಯಲ್ಲಿ ಇಟ್ಟುಕೊಳ್ಳುವ ಪ್ರತಿಯನ್ನು ಬಣ್ಣದಲ್ಲಿ 300ಕ್ಕೆ ತೆಗೆದಿಡಿ, ಅರ್ಜಿಗೆ ಅದರಿಂದಲೇ ಸಣ್ಣ ಪ್ರತಿ ಮಾಡಿ. ದಸ್ತಾವೇಜನ್ನು ಪದೇ ಪದೇ ಗಾಜಿಗೆ ಒತ್ತುವುದು ತಪ್ಪುತ್ತದೆ.

## ಚಿತ್ರ ಸರಿ ಬಾರದಾಗ

ಪುಟದಲ್ಲಿ ಒಂದು ಕಪ್ಪು ಚುಕ್ಕೆ ಬರ್ತದೆ. ಕಾಗದದ್ದೋ ಮಷಿನ್ನಿನದೋ ಹೇಗೆ ಗೊತ್ತಾಗೋದು?

ಕಾಗದವನ್ನು ತಲೆಕೆಳಗು ಮಾಡಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿ. ಚುಕ್ಕೆ ಕಾಗದದ ಜೊತೆ ತಿರುಗಿದರೆ ಅದು ಕಾಗದದ್ದು. ಇದ್ದಲ್ಲೇ ಇದ್ದರೆ ಸ್ಕ್ಯಾನರಿನದು. ಯಾವ ಕಲೆಗೂ ಗೆರೆಗೂ ಮೊದಲು ಮಾಡಬೇಕಾದ ಪರೀಕ್ಷೆ ಇದೇ. ಯಾರಾದರೂ ಫೋನಿನಲ್ಲಿ ಕೇಳಿದರೆ ನಾನು ಮುಂದೆ ಮಾತಾಡುವ ಮೊದಲು ಇದನ್ನು ಮಾಡಿಸುತ್ತೇನೆ. ಸ್ಕ್ಯಾನರಿನದೇ ಆದರೆ ಗಾಜಿನ ಮೇಲೆ ಅದೇ ಜಾಗದಲ್ಲಿ ಬೆರಳಾಡಿಸಿ. ಹೆಚ್ಚಾಗಿ ಒಣಗಿದ ವೈಟ್ನರೋ, ಅಂಟಿನ ಚೂರೋ ಸಿಗುತ್ತದೆ.

ಗಾಜು ಯಾವುದರಲ್ಲಿ ಒರೆಸೋದು? ಕನ್ನಡಿ ಒರೆಸೋ ನೀಲಿ ದ್ರಾವಣ ಆಗ್ತದಾ?

ಬೇಡ. ಅಂಥ ಕೆಲವು ದ್ರಾವಣಗಳಲ್ಲಿ ಅಮೋನಿಯಾ ಇರುತ್ತದೆ, ಪ್ಲಾಸ್ಟಿಕ್ ಅಂಚಿಗೆ ಒಳ್ಳೆಯದಲ್ಲ. ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆ, ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲ್ ನಾಲ್ಕು ಹನಿ. ಹನಿ ಬಟ್ಟೆಗೆ ಹಾಕಿ, ಗಾಜಿಗಲ್ಲ: ಗಾಜಿಗೆ ಹಾಕಿದ್ದು ಅಂಚಿನ ಸಂದಿಯಿಂದ ಒಳಗಿಳಿದರೆ ಒರೆಸಲು ದಾರಿಯೇ ಇಲ್ಲ. ಪೇಪರ್ ಉಂಡೆ ಮಾಡಿ ತಿಕ್ಕುವ ರೂಢಿ ಕೆಲವರಿಗಿದೆ, ಅದನ್ನು ಬಿಡಿ. ಮುಚ್ಚಳದ ಒಳಗಿನ ಬಿಳಿ ಹಾಸನ್ನೂ ಒರೆಸಿ.

ಪುಟದ ಮೇಲಿಂದ ಕೆಳಗಿನವರೆಗೆ ಒಂದು ಸಣ್ಣ ಗೆರೆ. ಗಾಜು ಎಷ್ಟು ಒರೆಸಿದ್ರೂ ಹೋಗೋದಿಲ್ಲ

ಗಾಜಿನ ಮೇಲಿನ ಕೊಳೆ ಚುಕ್ಕೆಯಾಗಿ ಬರುತ್ತದೆ, ಗೆರೆಯಾಗುವುದಿಲ್ಲ. ಉದ್ದಕ್ಕೂ ಗೆರೆ ಬಂದರೆ ಕಾರಣ ಬೇರೆ ಕಡೆ ಇದೆ. ಸ್ಕ್ಯಾನರ್ ಓಡುವ ಮೊದಲು, ಪುಟ ಓದುವ ತನ್ನ ಸೆನ್ಸರನ್ನು ಒಂದು ಬಿಳಿ ಪಟ್ಟಿಯ ಮುಂದೆ ನಿಲ್ಲಿಸಿ ‘ಬಿಳಿ ಎಂದರೆ ಇಷ್ಟು’ ಎಂದು ಲೆಕ್ಕ ಹಾಕಿಕೊಳ್ಳುತ್ತದೆ. ಆ ಪಟ್ಟಿ ಇರುವುದು ಸೆನ್ಸರ್ ಓಡಲು ಶುರುಮಾಡುವ ತುದಿಯಲ್ಲಿ, ಗಾಜಿನ ಅಂಚಿನ ಚೌಕಟ್ಟಿನ ಅಡಿಗೆ. ಅದರ ಮೇಲೆ ಒಂದು ಧೂಳಿನ ಕಣ ಕೂತರೂ ಸೆನ್ಸರಿನ ಆ ಬಿಂದುವಿನ ಲೆಕ್ಕ ತಪ್ಪುತ್ತದೆ, ತಪ್ಪು ಇಡೀ ಪುಟದುದ್ದಕ್ಕೂ ಗೆರೆಯಾಗಿ ಎಳೆದುಕೊಂಡು ಹೋಗುತ್ತದೆ. ಸೆನ್ಸರಿನ ಮೇಲೆಯೇ ಧೂಳು ಬಿದ್ದರೂ ಹೀಗೇ.

ಆ ತುದಿಯ ಅಂಚನ್ನು ಚೆನ್ನಾಗಿ ಒರೆಸಿ. ಡ್ರೈವರಿನಲ್ಲಿ ಈ ಲೆಕ್ಕವನ್ನು ಹೊಸದಾಗಿ ಹಾಕಿಸುವ ‘ಕ್ಯಾಲಿಬ್ರೇಶನ್’ ಇದ್ದರೆ ಒಮ್ಮೆ ಓಡಿಸಿ. ಮಟ್ಟಸವಾದ ಜಾಗದಲ್ಲಿ ಸ್ಕ್ಯಾನರನ್ನು ಮೆತ್ತಗೆ ಅಲುಗಿಸಿದರೆ ಕಣ ಸರಿಯುವುದೂ ಉಂಟು. ಇಷ್ಟಕ್ಕೂ ಹೋಗದಿದ್ದರೆ ಗಾಜು ಬಿಚ್ಚಬೇಕು. ವಾರಂಟಿ ಇದ್ದರೆ ನೀವೇ ಬಿಚ್ಚಬೇಡಿ. ಕೆಲವದರಲ್ಲಿ ಗಾಜನ್ನು ಎರಡು ಬದಿಯ ಅಂಟುಪಟ್ಟಿಯಿಂದ ಕೂರಿಸಿರುತ್ತಾರೆ, ಎಬ್ಬಿಸುವಾಗ ಬಿರಿಯುತ್ತದೆ.

ಆಲ್‌ ಇನ್‌ ವನ್‌ನಲ್ಲಿ ಮೇಲಿನ ತಟ್ಟೆಯಿಂದ ಕಾಗದ ಎಳೆಸಿದಾಗ ಮಾತ್ರ ಗೆರೆ ಬರುತ್ತದೆ ಎಂದಾದರೆ ಸುಲಭ. ಎಡಗಡೆ ಬೆರಳಗಲದ ಇನ್ನೊಂದು ಗಾಜಿನ ಪಟ್ಟಿ ಇದೆಯಲ್ಲ, ಅದರ ಮೇಲೆ ಕಲೆ ಇದೆ. ಇಲ್ಲಿ ಸೆನ್ಸರ್ ನಿಂತಿದ್ದು ಕಾಗದ ಓಡುವುದರಿಂದ ಕಲೆಯೂ ಗೆರೆಯಾಗುತ್ತದೆ.

ತೆಳು ಕಾಗದ, ಹಿಂದಿನ ಬದಿಯ ಅಕ್ಷರವೂ ಮುಂದೆ ಕಾಣ್ತದೆ

ಕಾಗದದ ಹಿಂದೆ ಒಂದು ಕಪ್ಪು ಡ್ರಾಯಿಂಗ್ ಶೀಟ್ ಇಟ್ಟು ಮುಚ್ಚಳ ಹಾಕಿ. ಕಾಗದ ದಾಟಿದ ಬೆಳಕು ಬಿಳಿ ಮುಚ್ಚಳಕ್ಕೆ ಬಡಿದು ವಾಪಸು ಬರುವುದರಿಂದ ಹಿಂಬದಿಯ ಅಕ್ಷರ ಕಾಣುತ್ತದೆ, ಕಪ್ಪು ಅದನ್ನು ನುಂಗುತ್ತದೆ. ಪುಟ ಸ್ವಲ್ಪ ಮಂಕಾಗುತ್ತದೆ, ಬ್ರೈಟ್‌ನೆಸ್ ತುಸು ಏರಿಸಿದರೆ ಸರಿ.

ಯಕ್ಷಗಾನ ಪ್ರಸಂಗದ ಪುಸ್ತಕ ಸ್ಕ್ಯಾನ್ ಮಾಡಿದ್ರೆ ಮಧ್ಯದ ಹೊಲಿಗೆ ಹತ್ತಿರ ಕಪ್ಪು, ಅಕ್ಷರ ಮಸುಕು

ಇದು ನಿಮ್ಮ ತಪ್ಪಲ್ಲ, ಸ್ಕ್ಯಾನರಿನ ಜಾತಿಯದು. ಯುಎಸ್‌ಬಿ ಕರೆಂಟಿನಲ್ಲೇ ಓಡುವ ತೆಳು ಸ್ಕ್ಯಾನರುಗಳಲ್ಲಿ ಸಿಐಎಸ್ ಎಂಬ ಸೆನ್ಸರ್ ಇರುತ್ತದೆ. ಅದಕ್ಕೆ ಗಾಜಿಗೆ ತಾಗಿದ್ದು ಮಾತ್ರ ಸ್ಪಷ್ಟ, ಎರಡು ಮೂರು ಮಿಲಿಮೀಟರ್ ಮೇಲೆದ್ದರೆ ಮಸುಕು. ಕನ್ನಡಿ, ಲೆನ್ಸು ಇರುವ ದಪ್ಪನೆಯ ಸಿಸಿಡಿ ಸ್ಕ್ಯಾನರಾದರೆ ಅಷ್ಟು ಎತ್ತರವನ್ನು ತಡೆದುಕೊಳ್ಳುತ್ತದೆ. ಎಪ್ಸನ್ ಪರ್ಫೆಕ್ಷನ್ ವಿ600 ಆ ಜಾತಿಯದು.

ಇರುವುದರಲ್ಲೇ ಮಾಡಬೇಕಾದರೆ ಪುಸ್ತಕವನ್ನು ಗಾಜಿನ ಅಂಚಿಗೆ ತಂದು ಒಂದು ಪುಟ ಮಾತ್ರ ಗಾಜಿನ ಮೇಲೆ, ಇನ್ನೊಂದು ಹೊರಗೆ ಇಳಿಬಿಡಿ. ಆದರೆ ಹಳೆಯ ಪ್ರಸಂಗದ ಪ್ರತಿಯ ಬೆನ್ನು ಒತ್ತಬೇಡಿ, ಕೈಬರಹದ ಪ್ರತಿಯನ್ನಂತೂ ಬೇಡವೇ ಬೇಡ. ಹಾಳೆ ಪುಡಿಯಾಗುತ್ತಿದ್ದರೆ ಫ್ಲಾಟ್‌ಬೆಡ್ ಅದಕ್ಕೆ ತಕ್ಕ ಸಾಧನವೇ ಅಲ್ಲ. ಪುಸ್ತಕವನ್ನು ಅರ್ಧ ತೆರೆದು, ಎರಡೂ ಬದಿ ದಿಂಬು ಕೊಟ್ಟು, ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದ ಫೋಟೋ ತೆಗೆಯಿರಿ. ಭಾಗವತರು ಉಳಿಸಿಕೊಟ್ಟದ್ದನ್ನು ಸ್ಕ್ಯಾನರ್ ಹಾಳು ಮಾಡಬಾರದು.

ಮದುವೆ ಕಾಗದ, ಪೇಪರಿನ ಫೋಟೋ ಸ್ಕ್ಯಾನ್ ಮಾಡಿದ್ರೆ ಚೌಕುಳಿ ಚೌಕುಳಿ ಬರ್ತದೆ

ಅಚ್ಚಾದ ಫೋಟೋ ಸಣ್ಣ ಚುಕ್ಕೆಗಳಿಂದ ಆದದ್ದು. ಆ ಸಾಲೂ ಸ್ಕ್ಯಾನರಿನ ಪಿಕ್ಸೆಲ್ ಸಾಲೂ ಒಂದರ ಮೇಲೊಂದು ಬಿದ್ದಾಗ ಈ ವಿನ್ಯಾಸ ಹುಟ್ಟುತ್ತದೆ. ‘ಡೀಸ್ಕ್ರೀನ್’ ಆಯ್ಕೆ ಹಾಕಿ. ಇಲ್ಲದಿದ್ದರೆ 600ಕ್ಕೆ ತೆಗೆದು ಆಮೇಲೆ ಅರ್ಧಕ್ಕೆ ಇಳಿಸಿ.

ಹಳೆ ಛಾಪಾ ಕಾಗದ ಗಾಜಿಗಿಂತ ಉದ್ದ. ಕೆಳಗಿನ ಸಹಿ, ಮೊಹರು ಬರೋದೇ ಇಲ್ಲ

ಮನೆ ಸ್ಕ್ಯಾನರಿನ ಗಾಜು ಸಾಮಾನ್ಯವಾಗಿ 216 × 297 ಮಿಲಿಮೀಟರ್. ಲೀಗಲ್ ಕಾಗದ 216 × 356. ಹತ್ತಿರ ಹತ್ತಿರ 6 ಸೆಂಟಿಮೀಟರ್ ಹೊರಗೆ. ಖರೀದಿ ಪತ್ರ, ಗೇಣಿ ಕೇಸಿನ ಆದೇಶ, ಕಾರವಾರದ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಜಾಗ ಹೋದವರ ಪರಿಹಾರದ ಕಾಗದ, ಎಲ್ಲದಕ್ಕೂ ಇದೇ ಗೋಳು, ಮತ್ತು ಬೇಕಾದ್ದು ಯಾವಾಗಲೂ ಕೊನೆಯ ಆ ಭಾಗದಲ್ಲೇ ಇರುತ್ತದೆ.

ಎರಡು ಸಲ ಸ್ಕ್ಯಾನ್ ಮಾಡಿ: ಮೇಲಿನ ಭಾಗ ಒಂದು, ಕೆಳಗಿನ ಭಾಗ ಒಂದು. ನಡುವೆ ನಾಲ್ಕು ಬೆರಳಿನಷ್ಟು ಬರಹ ಎರಡರಲ್ಲೂ ಇರಲಿ. ಅವನ್ನು ಜೋಡಿಸಿ ಒಂದೇ ಹಾಳೆ ಮಾಡಲು ಗಿಂಪ್‌ನಂಥ ತಂತ್ರಾಂಶ ಇದೆ, ಹಾಗೆ ಜೋಡಿಸುವುದಾದರೆ ಸ್ಕ್ಯಾನ್ ಮಾಡುವಾಗಲೇ ಬೆಳಕಿನ ಆಟೋ ಸೆಟ್ಟಿಂಗು ತೆಗೆದಿರಬೇಕು. ಆದರೆ ಆಸ್ತಿ ಕಾಗದವನ್ನು ಜೋಡಿಸುವುದೇ ಬೇಡ ಎನ್ನುವವನು ನಾನು. ಎರಡು ಪುಟವಾಗಿಯೇ ಪಿಡಿಎಫ್‌ನಲ್ಲಿ ಇಡಿ, ನೋಡುವವರಿಗೆ ತಿದ್ದಿದ ಸಂಶಯ ಬರುವುದಿಲ್ಲ. ಕಡತ ದೊಡ್ಡದಿದ್ದರೆ ಎ3 ಗಾಜಿನ ಜೆರಾಕ್ಸ್ ಮಷಿನ್ ಇರುವ ಅಂಗಡಿ ಹುಡುಕಿ, ಅದರಲ್ಲಿ 420 ಮಿಲಿಮೀಟರ್‌ವರೆಗೆ ಒಂದೇ ಸಲಕ್ಕೆ ಬರುತ್ತದೆ.

## ಮಳೆಗಾಲ, ಮಿಂಚು, ಇರುವೆ

ಆಷಾಢ ಬಂತು ಅಂದ್ರೆ ಗಾಜಿನ ಒಳಗೆ ಮಂಜು ಕೂತ ಹಾಗೆ ಆಗ್ತದೆ. ಹೊರಗಿಂದ ಒರೆಸಿದ್ರೆ ಹೋಗೋದಿಲ್ಲ, ಚಿತ್ರವೆಲ್ಲ ಮಬ್ಬು

ನಮ್ಮ ಕಡೆಗೇ ವಿಶೇಷವಾದ ಕಾಯಿಲೆ ಇದು. ಕಂಪನಿಯ ಕೈಪಿಡಿಯಲ್ಲಿ ಇದಕ್ಕೆ ಒಂದು ಸಾಲು ಸಿಕ್ಕರೆ ಪುಣ್ಯ. ಜುಲೈನಲ್ಲಿ ಕರಾವಳಿಯ ಗಾಳಿಯ ತೇವಾಂಶ ಶೇಕಡ 80ರ ಮೇಲೆಯೇ ಇರುತ್ತದೆ, ಬೂಸ್ಟು ಬೆಳೆಯಲು ಶೇಕಡ 70 ಸಾಕು. ಸ್ಕ್ಯಾನರ್ ಗಾಳಿಯಾಡದ ಡಬ್ಬಿಯೇನಲ್ಲ. ತೇವ ಒಳಗೆ ಹೋಗುತ್ತದೆ, ರಾತ್ರಿ ಗಾಜು ತಣ್ಣಗಾದಾಗ ಒಳಮೈಗೆ ಕೂರುತ್ತದೆ. ಪ್ಲಾಸ್ಟಿಕ್ ಭಾಗಗಳಿಂದ ಏಳುವ ಜಿಡ್ಡಿನ ಆವಿಯೂ ಅಲ್ಲೇ ಅಂಟುತ್ತದೆ. ತೇವ ಒಣಗುತ್ತದೆ, ಜಿಡ್ಡು ಉಳಿಯುತ್ತದೆ.

ಬರೀ ತೇವವಾದರೆ ಹೀಗೆ: ಮುಚ್ಚಳ ತೆರೆದು, ಮೇಲೆ ತೆಳು ಬಟ್ಟೆ ಹೊದಿಸಿ, ಫ್ಯಾನಿನ ಕೆಳಗೆ ಒಂದು ಇಡೀ ದಿನ ಬಿಡಿ. ಒಣಗಿದ ಮೇಲೆಯೇ ಕರೆಂಟು ಕೊಡಿ. ಹೇರ್ ಡ್ರೈಯರ್ ಬಿಸಿಗಾಳಿ ಬೇಡ, ಬಚ್ಚಲ ಒಲೆಯ ಹತ್ತಿರ ಇಡುವುದೂ ಬೇಡ. ಹೊಗೆಯ ಮಸಿ ಒಳಗೆ ಹೋದರೆ ಇದ್ದ ಕಾಯಿಲೆಗೆ ಇನ್ನೊಂದು ಸೇರಿದಂತೆ. ಒಣಗಿದ ಮೇಲೂ ಮಬ್ಬು ಹೋಗದಿದ್ದರೆ ಅದು ಜಿಡ್ಡು ಅಥವಾ ಬೂಸ್ಟು. ಗಾಜು ಬಿಚ್ಚಿ ಒಳಮೈ ಒರೆಸದೆ ಬೇರೆ ದಾರಿಯಿಲ್ಲ.

ಬಾರದಂತೆ ತಡೆಯುವುದು ಇದಕ್ಕಿಂತ ಸುಲಭ. ಗೋಡೆಗೆ ತಾಗಿಸಿ, ನೆಲದ ಮೇಲೆ ಇಡಬೇಡಿ. ಜಂಬಿಟ್ಟಿಗೆ ಕಲ್ಲಿನ ಗೋಡೆ ಮಳೆಗಾಲವಿಡೀ ಒಸರುತ್ತಿರುತ್ತದೆ. ವಾರಕ್ಕೆರಡು ಸಲವಾದರೂ ಓಡಿಸಿ. ಉಪಯೋಗಿಸದೆ ಇಡುವುದಾದರೆ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಜೊತೆ ಬಿಗಿಯಾಗಿ ಕಟ್ಟಿಡಿ. ಬಣ್ಣ ಬದಲಾದರೆ ಹರಳುಗಳನ್ನು ಓವನ್ನಿನಲ್ಲಿ ಸುಮಾರು 120 ಡಿಗ್ರಿಗೆ ಬಿಸಿ ಮಾಡಿ ಮತ್ತೆ ಬಳಸಬಹುದು. ಅಕ್ಕಿ ಕಟ್ಟಿಡುವುದರಿಂದ ಪ್ರಯೋಜನ ಕಡಿಮೆ, ಅದರ ಹುಡಿ ಬೇರೆ. ಸಿಲಿಕಾ ಜೆಲ್ ಇಲ್ಲದೆ ಬರೀ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುವುದು ಮಾತ್ರ ಎಲ್ಲಕ್ಕಿಂತ ಕೆಟ್ಟದ್ದು, ತೇವವನ್ನು ಒಳಗೇ ಕಟ್ಟಿಹಾಕಿದಂತೆ.

ಎಸಿ ರೂಮಿನಿಂದ ಹೊರಗೆ ತಂದ ಕೂಡಲೇ ಮಂಜು ಹಿಡೀತು

ತಣ್ಣಗಿನ ಗಾಜಿಗೆ ಬಿಸಿ ಹಸಿಗಾಳಿ ಬಡಿದರೆ ಆಗುವುದೇ ಅದು. ತರುವಾಗ ಚೀಲದಲ್ಲಿ ಕಟ್ಟಿ ತಂದು, ಒಂದೆರಡು ತಾಸು ಬಿಟ್ಟು ಬಿಚ್ಚಿ.

ಬೂಸ್ಟು ಹಿಡಿದ ಕಾಗದವನ್ನು ಸ್ಕ್ಯಾನ್ ಮಾಡಬಹುದಾ?

ಒಣಗಿಸದೆ ಬೇಡ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಹರಡಿ. ಪೂರ್ತಿ ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಮೆತ್ತಗಿನ ಬ್ರಷ್‌ನಿಂದ ಉದುರಿಸಿ. ಸ್ಕ್ಯಾನ್ ಆದಮೇಲೆ ಗಾಜನ್ನು ಆಲ್ಕೋಹಾಲಿನಿಂದ ಒರೆಸದಿದ್ದರೆ ಮುಂದಿನ ಕಾಗದಕ್ಕೂ ಅಂಟುತ್ತದೆ. ಹಳೆ ಫೋಟೋಗಳನ್ನಂತೂ ಜಡಿಮಳೆಯಲ್ಲಿ ಗಾಜಿಗೆ ಒತ್ತಲೇಬೇಡಿ. ಅವುಗಳ ಮೇಲ್ಪದರ ಜೆಲಾಟಿನ್, ತೇವಕ್ಕೆ ಮೆತ್ತಗಾಗಿ ಗಾಜಿಗೇ ಕಚ್ಚಿಕೊಳ್ಳುತ್ತದೆ. ದೀಪಾವಳಿ ಕಳೆದ ಮೇಲೆ ಮಾಡಿದರಾಯಿತು.

ಸಣ್ಣ ಇರುವೆ ಗಾಜಿನ ಒಳಗೇ ಓಡಾಡ್ತದೆ ಮಾರಾಯ್ರೆ!

ಒಳಗೆ ಔಷಧಿ ಹೊಡೆಯಬೇಡಿ. ಹಿಟ್ ಹೊಡೆದರೆ ಗಾಜಿನ ಒಳಮೈಗೆ, ಸೆನ್ಸರಿಗೆ ಎಣ್ಣೆಪದರ ಕೂರುತ್ತದೆ. ವಯರ್ ಕಿತ್ತು, ಸ್ಕ್ಯಾನರನ್ನು ನಾಲ್ಕು ಇಟ್ಟಿಗೆಯ ಮೇಲೋ ಸ್ಟೂಲಿನ ಮೇಲೋ ಇಟ್ಟು, ಕಾಲುಗಳ ಸುತ್ತ ಇರುವೆ ಪುಡಿಯ ಗೆರೆ ಎಳೆಯಿರಿ. ತಾವಾಗಿ ಹೊರಡುತ್ತವೆ. ಹಲ್ಲಿ ಮೊಟ್ಟೆಯಿಟ್ಟಿದ್ದರೆ ಮಾತ್ರ ಬಿಚ್ಚಲೇಬೇಕು, ಸೆನ್ಸರ್ ಓಡುವ ಹಾದಿಯಲ್ಲಿದ್ದರೆ ಗರಗರ ಸದ್ದು ಅದರದ್ದೇ.

ಗುಡುಗು ಬಂದ ಮಾರನೇ ದಿನದಿಂದ ಸತ್ತೇ ಹೋಗಿದೆ

ಅಡಾಪ್ಟರ್ ಇರುವ ಸ್ಕ್ಯಾನರಾದರೆ ಆಸೆ ಇದೆ. ಹೆಚ್ಚಾಗಿ ಅಡಾಪ್ಟರ್ ಮಾತ್ರ ಸುಟ್ಟಿರುತ್ತದೆ. ಅದೇ ವೋಲ್ಟೇಜ್, ಅಷ್ಟೇ ಅಥವಾ ಹೆಚ್ಚು ಆಂಪಿಯರ್, ಪಿನ್ನಿನ ಧನ-ಋಣ ಅದೇ ಕ್ರಮದಲ್ಲಿರುವ ಇನ್ನೊಂದು ಹಾಕಿ ನೋಡಿ. ಮಳೆಗೆ ಮೊದಲಿನ ಏಪ್ರಿಲ್-ಮೇ, ಮಳೆ ಮುಗಿಯುವ ಅಕ್ಟೋಬರ್, ಈ ಎರಡು ಹೊತ್ತಿನಲ್ಲಿ ಮಿಂಚು ಹೆಚ್ಚು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಪ್ರಿಂಟರ್ ಜೊತೆಗಿರುವುದಾದರೆ ನೆಟ್‌ವರ್ಕ್ ವಯರನ್ನೂ ಕೀಳಿ, ಸಿಡಿಲಿನ ಹೊಡೆತ ಆ ದಾರಿಯಿಂದಲೂ ಬರುತ್ತದೆ.

## ಹಳೆ ಯಂತ್ರ, ಹಳೆ ಕಾಗದ

ವಿಂಡೋಸ್ 11 ಹಾಕಿಸಿದ ಮೇಲೆ ನನ್ನ ಹಳೆ ಸ್ಕ್ಯಾನರ್ ಮೂಲೆ ಸೇರಿದೆ. ಎಸೆಯೋದಾ?

ಎಸೆಯಬೇಡಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಬೆಂಬಲ ಮುಗಿಸಿದ ಮೇಲೆ ಈ ಪ್ರಶ್ನೆ ಬಹಳ ಬರುತ್ತಿದೆ. ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. ನಿಮ್ಮ ಸ್ಕ್ಯಾನರಿಗೆ ಕಂಪನಿ 64 ಬಿಟ್ ಡ್ರೈವರ್ ಮಾಡದೇ ಬಿಟ್ಟಿದ್ದರೆ ಅದರ ಡ್ರೈವರ್ ಇಲ್ಲಿ ಕೂರುವುದಿಲ್ಲ. ಯಂತ್ರಕ್ಕೆ ಏನೂ ಆಗಿಲ್ಲ.

ಮೂರು ದಾರಿಗಳಿವೆ. ವ್ಯೂಸ್ಕ್ಯಾನ್ ಎಂಬ ತಂತ್ರಾಂಶ ಸಾವಿರಾರು ಹಳೆಯ ಮಾಡೆಲ್‌ಗಳನ್ನು ತನ್ನದೇ ಡ್ರೈವರಿನಿಂದ ಓಡಿಸುತ್ತದೆ. ದುಡ್ಡು ಕೊಡಬೇಕು, ಆದರೆ ಮೊದಲು ಪುಕ್ಕಟೆ ಪ್ರತಿಯಲ್ಲಿ ನಿಮ್ಮ ಮಾಡೆಲ್ ಓಡುತ್ತದೋ ನೋಡಬಹುದು. ಎರಡನೆಯದು, ಲಿನಕ್ಸ್. ಉಬುಂಟುವನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಶುರುಮಾಡಿ, ಏನನ್ನೂ ಇನ್‌ಸ್ಟಾಲ್ ಮಾಡದೆ ಪರೀಕ್ಷಿಸಿ. ಸೇನ್ ಎಂಬ ಯೋಜನೆಯವರು ಬಹಳಷ್ಟು ಹಳೆ ಸ್ಕ್ಯಾನರುಗಳಿಗೆ ಡ್ರೈವರ್ ಬರೆದಿದ್ದಾರೆ. ಮೂರನೆಯದು ನಮ್ಮ ಅಂಗಡಿಯಲ್ಲೇ ಇರುವ ದಾರಿ: ಹಳೆಯ ಲ್ಯಾಪ್‌ಟಾಪ್ ಒಂದನ್ನು ಇಂಟರ್ನೆಟ್ ಇಲ್ಲದೆ ಸ್ಕ್ಯಾನರಿಗೆಂದೇ ಇಟ್ಟುಬಿಡುವುದು.

ಡ್ರೈವರ್ ಕೂತಿದೆ, ಆದರೆ ತಂತ್ರಾಂಶದ ಪಟ್ಟಿಯಲ್ಲಿ ಸ್ಕ್ಯಾನರ್ ಕಾಣುವುದಿಲ್ಲ ಎಂದಾದರೆ ಕಾರಣ ಬೇರೆ. ಟ್ವೇನ್ (TWAIN) ಎಂಬುದು ತಂತ್ರಾಂಶಕ್ಕೂ ಸ್ಕ್ಯಾನರಿಗೂ ನಡುವಿನ ಒಂದು ಬಗೆಯ ಕೊಂಡಿ. ಅದರ 32 ಬಿಟ್ ಡ್ರೈವರ್ 64 ಬಿಟ್ ತಂತ್ರಾಂಶದ ಕಣ್ಣಿಗೆ ಬೀಳುವುದಿಲ್ಲ. ಪುಕ್ಕಟೆ ಸಿಗುವ ನ್ಯಾಪ್ಸ್2 ಎಂಬ ಸ್ಕ್ಯಾನಿಂಗ್ ತಂತ್ರಾಂಶ ಹಾಕಿ, ಅದರಲ್ಲಿ ಟ್ವೇನ್, ವಿಯಾ (WIA, ಮೇಲೆ ಹೇಳಿದ ವಿಂಡೋಸ್ ಇಮೇಜ್ ಅಕ್ವಿಸಿಶನ್) ಎರಡನ್ನೂ ಬದಲಿಸಿ ನೋಡಿ.

ಅಜ್ಜನ ಕಾಲದ ಖರೀದಿ ಪತ್ರ, ಶಾಯಿ ಮಾಸಿದೆ, ಹೊಗೆ ಅಟ್ಟದಲ್ಲಿದ್ದು ಕಂದಾಗಿದೆ. ಓದೋ ಹಾಗೆ ಮಾಡಬಹುದಾ?

ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದ, ಎಂದರೆ 1956ಕ್ಕೆ ಹಿಂದಿನ ಕಾಗದಗಳು ಹೀಗೆ ಬಹಳ ಬರುತ್ತವೆ. ತೋಟಕ್ಕೆ ಸೊಪ್ಪು ತರುವ ಕಾಡಿನ, ಎಂದರೆ ಸೊಪ್ಪಿನ ಬೆಟ್ಟದ ತಕರಾರು ಎದ್ದಾಗಲೇ ಅಟ್ಟ ನೆನಪಾಗುವುದು. ಇವನ್ನು ಕಪ್ಪು-ಬಿಳುಪಿನಲ್ಲಿ ತೆಗೆಯಲೇಬೇಡಿ. ಬಣ್ಣದಲ್ಲಿ, 400 ಅಥವಾ 600ಕ್ಕೆ, ಟಿಫ್ (TIFF) ಫೈಲಾಗಿ ಉಳಿಸಿ. ಆಮೇಲೆ ಗಿಂಪ್‌ನಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆ ಬೇರೆ ಮಾಡಿ ನೋಡಿ.

ನೀಲಿ ಶಾಯಿಯ ಬರಹದ ಮೇಲೆ ಹಳದಿ-ಕಂದು ಕಲೆಯಿದ್ದರೆ ಕೆಂಪು ಚಾನೆಲ್ ನೋಡಿ: ಕಲೆ ಬೆಳ್ಳಗಾಗಿ ಹಿಂದೆ ಸರಿಯುತ್ತದೆ, ನೀಲಿ ಕಪ್ಪಾಗಿ ಎದ್ದು ನಿಲ್ಲುತ್ತದೆ. ಬರಹದ ಮೇಲೆಯೇ ಕೆಂಪು ಮೊಹರು ಬಿದ್ದಿದ್ದರೂ ಕೆಂಪು ಚಾನೆಲ್ಲಿನಲ್ಲಿ ಮೊಹರು ಕರಗಿ ಅಡಿಯ ಅಕ್ಷರ ಸಿಗುತ್ತದೆ. ಶಾಯಿಯೇ ಕಂದಾಗಿ ಮಾಸಿದ್ದರೆ ನೀಲಿ ಚಾನೆಲ್ಲಿನಲ್ಲಿ ಅದು ಹೆಚ್ಚು ಕಪ್ಪಾಗಿ ಕಾಣುತ್ತದೆ. ಕಾಗದವೂ ಸ್ವಲ್ಪ ಕಪ್ಪಾಗುತ್ತದೆ, ಕಾಂಟ್ರಾಸ್ಟ್ ತಿದ್ದಬೇಕು. ಹೀಗೆ ತಿದ್ದಿದ್ದು ಓದಿಕೊಳ್ಳಲು ಮಾತ್ರ. ಕಚೇರಿಗೆ, ವಕೀಲರಿಗೆ ಕೊಡುವುದು ತಿದ್ದದ ಬಣ್ಣದ ಪ್ರತಿ.

ಸ್ಕ್ಯಾನ್ ಮಾಡಿದ ಕನ್ನಡ ಪುಟವನ್ನು ಟೈಪ್ ಮಾಡಿದ ಹಾಗೆ ಅಕ್ಷರ ಮಾಡ್ಬಹುದಾ?

ಅಚ್ಚಾದದ್ದಾದರೆ ಆಗುತ್ತದೆ. ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸ್ಸರಾಕ್ಟ್ ಎಂಬ ತಂತ್ರಾಂಶಕ್ಕೆ ಕನ್ನಡ ಬರುತ್ತದೆ, ನ್ಯಾಪ್ಸ್2 ಒಳಗೂ ಅದನ್ನೇ ಬಳಸಬಹುದು. ಗೂಗಲ್ ಡ್ರೈವಿಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೂ ಅಕ್ಷರ ಬರುತ್ತದೆ. 300 ಡಿಪಿಐ ಗ್ರೇಸ್ಕೇಲ್, ಪುಟ ಸೊಟ್ಟ ಇರಬಾರದು. ತಪ್ಪುವುದು ಒತ್ತಕ್ಷರದಲ್ಲಿ: ಕೆಳಗಿನ ಸಾಲಿನ ತಲೆಕಟ್ಟಿಗೆ ಒತ್ತು ತಾಗಿದ ಹಳೆಯ ಮೊಳೆಯಚ್ಚಿನ ಪುಸ್ತಕಗಳಲ್ಲಿ ಕೂತು ತಿದ್ದಲೇಬೇಕು. ಮೋಡಿ ಅಕ್ಷರದ, ಕೂಡಿಸಿ ಬರೆದ ಕೈಬರಹವನ್ನು ಇದಕ್ಕೆ ಕೊಡಬೇಡಿ, ಹಿರಿಯರೊಬ್ಬರನ್ನು ಕೂರಿಸಿ ಓದಿಸಿ.

ರಿಪೇರಿ ಮಾಡಿಸೋದಾ, ಹೊಸದು ತಗೊಳ್ಳೋದಾ, ಮೊಬೈಲೇ ಸಾಕಾ?

ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡ್ ಆಗಾಗ ಕಳಿಸುವುದಷ್ಟೇ ಆದರೆ ಮೊಬೈಲ್ ಸಾಕು, ನಮ್ಮ ಅಂಗಡಿಗೆ ಗಿರಾಕಿ ಕಡಿಮೆಯಾದರೂ ಇದು ನಿಜ. ಫೋಟೋ, ನಕ್ಷೆ, ಹಳೆ ದಸ್ತಾವೇಜು ಇದ್ದರೆ ಫ್ಲಾಟ್‌ಬೆಡ್ ಬೇಕು: ಅಳತೆ ಸೊಟ್ಟಾಗುವುದಿಲ್ಲ, ಬೆಳಕು ಒಂದೇ ಸಮ. ರಿಪೇರಿಯಲ್ಲಿ ವಯರು, ಅಡಾಪ್ಟರು, ಒಳಗಾಜು ಒರೆಸುವುದು ಲಾಭದ್ದೇ. ತೆಳು ಸ್ಕ್ಯಾನರಿನ ಸೆನ್ಸರ್ ಹೋದರೆ, ಚಿತ್ರವೆಲ್ಲ ಒಂದೇ ಬಣ್ಣಕ್ಕೆ ತಿರುಗಿ ಕ್ಯಾಲಿಬ್ರೇಶನ್‌ಗೂ ಸರಿಹೋಗದಿದ್ದರೆ, ಅದಕ್ಕೆ ಹಾಕುವ ದುಡ್ಡು ಹೊಸದಕ್ಕೇ ಹಾಕಿ. ಕೊಳ್ಳುವುದು ಮಳೆಗಾಲ ಮುಗಿದ ಮೇಲಾಗಲಿ. ಅಂಗಡಿಯಲ್ಲೇ ಒಂದು ಖಾಲಿ ಬಿಳಿ ಹಾಳೆ ಸ್ಕ್ಯಾನ್ ಮಾಡಿಸಿ, ಪರದೆಯ ಮೇಲೆ ದೊಡ್ಡದು ಮಾಡಿ, ಗೆರೆಯಿಲ್ಲ ಎಂದು ನೋಡಿಯೇ ದುಡ್ಡು ಕೊಡಿ.